ಹೈ ಆಲ್ಟಿಟ್ಯೂಡ್ ರೆಡ್ ವೈನ್ ಅಂದ್ರ ಏನ್ರಿ? ಬರೇ ಮೀಟರ್ ನೋಡಿದ್ರ ತಿಳಿಯೂದಿಲ್ಲ

ಬಾಟಲಿ ಮ್ಯಾಲ ಹೈ ಆಲ್ಟಿಟ್ಯೂಡ್ ಅಂತ ದೊಡ್ಡಕ್ಷರದಾಗ ಬರದು, ಹಿಂದ ಒಂದು ಹಿಮದ ಗುಡ್ಡದ ಚಿತ್ರ ಹಾಕಿ, ಇಷ್ಟು ಮೀಟರ್ ಎತ್ತರದ್ದು ಅಂತ ನಂಬರ್ ಕೊಟ್ಟಿರ್ತಾರಲ್ಲ, ಆ ನಂಬರ್ ಎಷ್ಟರಿಂದ ಶುರು ಆಗಬೇಕು ಅನ್ನೂದಕ್ಕ ಜಗತ್ತಿಗೆಲ್ಲಾ ಒಂದ ಕಾನೂನು ಅಂತೇನೂ ಇಲ್ಲ. ಸಾದಾ ಅರ್ಥ ಇಷ್ಟ, ಎತ್ತರದ ಗುಡ್ಡದ ತ್ವಾಟದಾಗ ಬೆಳದ ಕಪ್ಪು ದ್ರಾಕ್ಷಿಯಿಂದ ಮಾಡಿದ ರೆಡ್ ವೈನ್. ಇಟಲಿಯೊಳಗ ಚೆರ್ವಿಮ್ (CERVIM) ಅಂತ ಒಂದು ಸಂಸ್ಥೆ ಐತಿ, ಗುಡ್ಡಗಾಡಿನ ದ್ರಾಕ್ಷಿ ಬೆಳೆಗಾರರ ಸಲುವಾಗಿನ ಕೆಲಸ ಮಾಡ್ತೈತಿ, ಅವರು ಒಂದಿಷ್ಟು ಅಳತಿ ಇಟ್ಕೊಂಡಾರ: ಇಳಿಜಾರು 30 ಪರ್ಸೆಂಟ್ ಮ್ಯಾಲ ಇರಬೇಕು, ಇಲ್ಲಾ ಎತ್ತರ 500 ಮೀಟರ್ ದಾಟಿರಬೇಕು, ಇಲ್ಲಾ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ತ್ವಾಟ ಇರಬೇಕು, ಹಿಂಗ.

ಹಂಗಾದ್ರ ಧಾರವಾಡ 700 ಮೀಟರ್ ಆಸುಪಾಸು ಐತಿ, ಹುಬ್ಬಳ್ಳಿನೂ 600 ದಾಟೈತಿ, ನಾವೆಲ್ಲಾ ಮೌಂಟೇನ್ ಮಂದಿನ ಆದ್ವಲ್ಲ ಅಂತೀರೇನು? ಅಲ್ಲೇ ಐತಿ ನೋಡ್ರಿ ಕೊಕ್ಕಿ. ಆ 500 ಮೀಟರ್ ನಿಯಮದಾಗನ ಪ್ರಸ್ಥಭೂಮಿ ಲೆಕ್ಕಕ್ಕಿಲ್ಲ ಅಂತ ಐತಿ. ನಮ್ಮದು ದಖ್ಖನ್ ಪ್ರಸ್ಥಭೂಮಿ, ಎತ್ತರ ಇದ್ರೂ ಸಪಾಟ. ನನಗಂತೂ ಈ ನಿಯಮ ಸರಿ ಅನಸ್ತೈತಿ, ಯಾಕಂದ್ರ ಎತ್ತರ ಅನ್ನೂದು ಹಣ್ಣಿಗೆ ನೇರ ಏನೂ ಮಾಡೂದಿಲ್ಲ, ಆ ಎತ್ತರದಾಗ ಬಿಸಲು ಹೆಂಗ ಬೀಳ್ತೈತಿ, ರಾತ್ರಿ ಎಷ್ಟು ಥಂಡಿ ಆಗ್ತೈತಿ, ನೀರು ಎಷ್ಟು ನಿಲ್ತೈತಿ ಅನ್ನೂದ ಮುಖ್ಯ.

ಒಂದು ಸಾವಿರ ಮೀಟರ್ ಮ್ಯಾಲ ಹೋದ್ರ ಗಾಳಿ ಸರಾಸರಿ 6.5 ಡಿಗ್ರಿ ತಂಪಾಗ್ತೈತಿ, ಅದ ಹೊತ್ತಿಗೆ ಸೂರ್ಯನ ಯುವಿ ಕಿರಣ ಸುಮಾರು 10 ಪರ್ಸೆಂಟ್ ಜಾಸ್ತಿ ಆಗ್ತೈತಿ. ಅಂದ್ರ ಬಿಸಲು ಚುರುಕು, ಗಾಳಿ ಥಂಡ. ಹೊಲದಾಗ ದುಡಿಯೋರು ಬಿಸಲಿಗೆ ತಲಿ ಮ್ಯಾಲ ಟವೆಲ್ ಹೊದ್ಕೊಂಡಂಗ ಹಣ್ಣು ತನ್ನ ಸಿಪ್ಪಿ ದಪ್ಪ ಮಾಡ್ಕೋತೈತಿ, ಸಿಪ್ಪಿಯಾಗ ಬಣ್ಣದ ಅಂಶ, ಬಾಯಿ ಒಗರು ಮಾಡೋ ಟ್ಯಾನಿನ್ ಎರಡೂ ತುಂಬ್ಕೋತಾವ. ಇದು ರೆಡ್ ವೈನಿಗೆ ಯಾಕ ಅಷ್ಟು ದೊಡ್ಡ ಮಾತು ಅಂದ್ರ, ಬಹಳಷ್ಟು ಕಪ್ಪು ದ್ರಾಕ್ಷಿಯ ರಸ ಹಿಂಡಿ ನೋಡಿದ್ರ ಬಣ್ಣನ ಇರೂದಿಲ್ಲ, ಸಿಪ್ಪಿ ಸಮೇತ ಹುದುಗು ಬರಿಸಿದಾಗ ಅದ್ರ ಬಣ್ಣ ಒಗರು ವೈನಿಗೆ ಇಳಿತೈತಿ, ವೈಟ್ ವೈನಿಗೆ ಈ ಸಿಪ್ಪಿ ಗೊಡವಿ ಅಷ್ಟಿಲ್ಲ. ಇನ್ನ ರಾತ್ರಿದು. ರಾತ್ರಿ ಬೆಚ್ಚಗಿದ್ರ ಹಣ್ಣು ತನ್ನೊಳಗಿನ ಹುಳಿ, ಅದ್ರಾಗೂ ಮ್ಯಾಲಿಕ್ ಆಸಿಡ್, ಸುಟ್ಕೊಂತ ಹೋಗ್ತೈತಿ, ಥಂಡಿ ಇದ್ರ ಆ ಹುಳಿ ಉಳಿತೈತಿ. ಅದಕ್ಕ ಒಳ್ಳೇ ಗುಡ್ಡದ ರೆಡ್ ಕುಡದ್ರ ಬಣ್ಣ ಕಡುಗಪ್ಪು, ಒಗರು ಗಟ್ಟಿ, ಆದ್ರ ಬಾಯಾಗ ಭಾರ ಅನಸೂದಿಲ್ಲ, ಹುಳಿ ಅದನ್ನ ಎತ್ತಿ ಹಿಡಿತೈತಿ.

ಇದಕ್ಕ ಎಲ್ಲಾರೂ ಕೊಡೋ ಉದಾಹರಣಿ ಅರ್ಜೆಂಟೀನಾದ ಮೆಂಡೋಸಾ. ಫ್ರಾನ್ಸಿನ ಮಾಲ್ಬೆಕ್ ದ್ರಾಕ್ಷಿ 1853ರ ಹೊತ್ತಿಗೆ ಅಲ್ಲಿ ಬಂತು, ಈಗ ಅದು ಅಲ್ಲಿದ ಆಗಿಬಿಟ್ಟೈತಿ. ಮಳಿ ವರ್ಷಕ್ಕ ಸುಮಾರು 200 ಮಿಮೀ ಅಷ್ಟ, ಆಂಡಿಸ್ ಪರ್ವತದ ಹಿಮ ಕರಗಿ ಬರೋ ನೀರು ಕಾಲುವಿಯಾಗ ಹರದು ತ್ವಾಟಕ್ಕ ಹೋಗ್ತೈತಿ, ಆಲಿಕಲ್ಲಿನ ಕಾಟ ಎಷ್ಟಂದ್ರ ಸಾಲಿಗೆ ಸಾಲಿಗೇ ಬಲಿ (ನೆಟ್) ಹೊಚ್ಚಿರ್ತಾರ. ಅಲ್ಲಿನ ವೈನ್ ತಯಾರಕ ನಿಕೋಲಾಸ್ ಕಟೇನಾ 1992ರಾಗ ಗ್ವಾಲ್ಟಲ್ಲಾರಿ ಅನ್ನೋ ಕಡೆ 1,450 ಮೀಟರ್ ಹತ್ರ ದ್ರಾಕ್ಷಿ ಹಚ್ಚಾಕ ಹೊಂಟಾಗ ಅಷ್ಟು ಥಂಡ್ಯಾಗ ಮಾಲ್ಬೆಕ್ ಹಣ್ಣಾಗೂದಿಲ್ಲ ಅಂತ ಹೇಳಿದ್ರು, ಆದ್ರ ಆತು, ಮುಂದ ಎಲ್ಲಾರೂ ಗುಡ್ಡ ಹತ್ತಾಕ ಶುರು ಮಾಡಿದ್ರು. ಅದ ದೇಶದ ಸಾಲ್ಟಾ ಪ್ರಾಂತ್ಯದಾಗ ಕೊಲೋಮೆ ಅನ್ನೋರ ಒಂದು ತ್ವಾಟ 3,111 ಮೀಟರ್ ಮ್ಯಾಲ ಐತಿ. ಅಷ್ಟು ಎತ್ತರ ಇಟಲಿಯ ಉತ್ತರದಾಗ ಹೋದ್ರ ದ್ರಾಕ್ಷಿ ಬಿಡ್ರಿ, ಹಿಮ ಸಿಗ್ತೈತಿ. ಅಲ್ಲಿ ವಾಲ್ಟೆಲ್ಲಿನಾದಾಗ ನೆಬ್ಬಿಯೋಲೋ ದ್ರಾಕ್ಷಿ 300ರಿಂದ 700 ಮೀಟರ್ ನಡುವ ಕಲ್ಲಿನ ಕಟ್ಟಿ ಕಟ್ಟಿ ಬೆಳಿತಾರ, ಅದ ಅವರಿಗೆ ಎತ್ತರ. ಭೂಮಧ್ಯರೇಖಿಗೆ ಹತ್ರ ಇದ್ದಷ್ಟು ಅದ ತಂಪಿಗೆ ಇನ್ನೂ ಮ್ಯಾಲ ಹತ್ತಬೇಕಾಗ್ತೈತಿ, ಅದಕ್ಕ ಎರಡು ದೇಶದ ಮೀಟರ್ ಪಕ್ಕಪಕ್ಕ ಇಟ್ಟು ಯಾವುದು ದೊಡ್ಡದು ಅನ್ನೂದು ಹುಚ್ಚು ಲೆಕ್ಕ.

ಮತ್ತ ಎಲ್ಲಾ ಗುಡ್ಡನೂ ರಾತ್ರಿ ಥಂಡಿನ ಇರ್ತಾವ ಅಂತಿಲ್ಲ. ಕ್ಯಾಲಿಫೋರ್ನಿಯಾದ ನಾಪಾದಾಗ ಹೊವೆಲ್ ಮೌಂಟನ್ ಅಂತ ಐತಿ, 1983ರಾಗ ಪ್ರತ್ಯೇಕ ವೈನ್ ಪ್ರದೇಶ ಅಂತ ಮಾನ್ಯತೆ ಸಿಕ್ಕಿದ್ದು, ಅಲ್ಲಿ ಥಂಡ ಗಾಳಿ ಮಂಜು ಎರಡೂ ಕೆಳಗ ಕಣಿವ್ಯಾಗ ಕುಂದರ್ತಾವ, ಮ್ಯಾಲಿನ ತ್ವಾಟ ರಾತ್ರಿ ಕಣಿವಿಗಿಂತ ಬೆಚ್ಚಗಿರ್ತೈತಿ, ಹಗಲಿನ್ಯಾಗ ತಂಪು. ಆದ್ರೂ ಆ ವೈನ್ ಒಗರಿಗೆ ಹೆಸರುವಾಸಿ, ಕಾರಣ ತೆಳ್ಳನ್ನ ಕಲ್ಲು ಮಣ್ಣು, ನೀರು ನಿಲ್ಲೂದಿಲ್ಲ, ಕಾಯಿ ಸಣ್ಣ ಆಗ್ತಾವ, ರಸಕ್ಕಿಂತ ಸಿಪ್ಪಿ ಪಾಲು ಜಾಸ್ತಿ.

ನಮ್ಮ ಕಡೆ ವಿಜಯಪುರ ಬಾಗಲಕೋಟಿ ದ್ರಾಕ್ಷಿ ಬ್ಯಾರೆ ಕತಿ, ಅಲ್ಲಿ ಬಳ್ಳಿ ಚಳಿಗಾಲಕ್ಕ ಮಲಗೂದ ಇಲ್ಲ, ಏಪ್ರಿಲ್ ಒಂದು ಅಕ್ಟೋಬರ್ ಒಂದು ಚಾಟ್ನಿ (ಬಳ್ಳಿ ಕತ್ತರಿಸೂದು) ಮಾಡಿ, ಮಳಿ ತಪ್ಪಿಸಿ ಹಣ್ಣು ತಗೀತಾರ. ಡಿಸೆಂಬರ್ ಜನವರಿ ರಾತ್ರಿ ಥಂಡಿ ಹಣ್ಣಿಗೆ ಒಳ್ಳೇದ ಮಾಡ್ತೈತಿ, ಆದ್ರ ಕೊಯ್ಲು ಮಾರ್ಚಿಗೆ ಜಾರಿದ್ರ ಹುಳಿ ಇಳದಿರ್ತೈತಿ. ಅದೇನು ಕೆಟ್ಟ ವೈನ್ ಅಲ್ಲ, ಗುಡ್ಡದ್ದಲ್ಲ ಅಷ್ಟ.

ಊಟದ ಜೋಡಿ ಕೇಳಿದ್ರ, ಸಾವಜಿ ಖಾನಾವಳಿಯ ಮಟನ್ ಜೋಡಿ ಮಾತ್ರ ಬ್ಯಾಡ್ರಿ. ಆ ಖಾರಕ್ಕ ಟ್ಯಾನಿನ್, ಆಲ್ಕೋಹಾಲ್ ಎರಡೂ ಸೇರಿದ್ರ ಉರಿ ಇನ್ನೂ ಏರ್ತೈತಿ, ವೈನಿನ ರುಚಿನೂ ಹೋಗಿ ಬರೇ ಒಗರು ಉಳಿತೈತಿ. ಖಾರ ಕಡಿಮಿ ಹಾಕಿ, ಕೊಬ್ಬಿರೋ ಮಟನ್ ಹುರದು ಮಾಡಿದ್ರ ಆ ಒಗರು ಮೆತ್ತಗಾಗ್ತೈತಿ. ಮತ್ತ ರೆಡ್ ವೈನ್ ರೂಮ್ ಟೆಂಪರೇಚರ್‌ನ್ಯಾಗ ಕುಡೀಬೇಕು ಅನ್ನೋ ಮಾತು ಯುರೋಪಿನ ಥಂಡ ರೂಮಿಂದು, ಅದು 16ರಿಂದ 18 ಡಿಗ್ರಿ ಲೆಕ್ಕ, ಹುಬ್ಬಳ್ಳಿಯ ಏಪ್ರಿಲ್‌ನ್ಯಾಗ ಬಾಟಲಿ ಸ್ವಲ್ಪ ಹೊತ್ತು ಫ್ರಿಜ್‌ನ್ಯಾಗ ಇಟ್ಟ ತಗೀರಿ.