ಹತ್ತಿರ ಒಂದು ಕಾಂಟಾ, ದೂರ ಒಂದು ಕಾಂಟಾ: ನ್ಯೂಟ್ರಿನೊ ಎಣಿಸಿದ ಕಥೆ

ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ಹೆದರಿ ನಾವು ಮನೆ ಒಳಗೆ ಸೇರಿ ಶಹಾಬಾದ್ ಫರಸಿ ಮೇಲೆ ಅಡ್ಡಾಗುತ್ತೇವೆ. ಬಿಸಿಲು ಹೊರಗೇ ಉಳಿಯುತ್ತದೆ. ಆದರೆ ಅದೇ ಸೂರ್ಯನಿಂದ ಬರುವ ನ್ಯೂಟ್ರಿನೊ ಕಣಗಳಿಗೆ ಗೋಡೆಯೂ ಲೆಕ್ಕಕ್ಕಿಲ್ಲ, ಛಾವಣಿಯೂ ಲೆಕ್ಕಕ್ಕಿಲ್ಲ. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,500 ಕೋಟಿ ದಾಟಿ ಹೋಗುತ್ತವೆ. ರಾತ್ರಿಯೂ ಬಿಡುವಿಲ್ಲ, ಇಡೀ ಭೂಮಿಯನ್ನು ತೂರಿ ಅದೇ ಫರಸಿಯ ಕೆಳಗಿನಿಂದ ಮೇಲೆ ಬರುತ್ತವೆ.

ಇಂಥ ಕಣ ಇರಬೇಕು ಅಂತ ಭೌತವಿಜ್ಞಾನಿ ಪೌಲಿ 1930ರಲ್ಲೇ ಹೇಳಿದ್ದರು. ಸಿಕ್ಕಿದ್ದು ಮಾತ್ರ 1956ರಲ್ಲಿ, ಅಮೆರಿಕದ ಸವಾನಾ ರಿವರ್ ರಿಯಾಕ್ಟರ್ ಪಕ್ಕದಲ್ಲಿ, ರೈನ್ಸ್ ಮತ್ತು ಕೋವನ್ ಕೈಗೆ. ರಿಯಾಕ್ಟರೇ ಯಾಕೆ? ಪರಮಾಣು ಒಡೆದಾಗ ಹುಟ್ಟುವ ಚೂರುಗಳಿಂದ ಪ್ರತಿನ್ಯೂಟ್ರಿನೊಗಳ (ನ್ಯೂಟ್ರಿನೊದ ಪ್ರತಿಕಣಗಳ) ಪ್ರವಾಹವೇ ಹೊರಡುತ್ತದೆ. ಅದರಲ್ಲಿ ಎಲ್ಲೋ ಒಂದು ಪ್ರೋಟಾನಿಗೆ ಬಡಿದರೆ ಎರಡು ಬೆಳಕಿನ ಮಿಂಚು ಕಾಣುತ್ತವೆ: ಮೊದಲು ಆ ಬಡಿತದಿಂದ ಹುಟ್ಟುವ ಪಾಸಿಟ್ರಾನಿನದು (ಎಲೆಕ್ಟ್ರಾನಿನ ಪ್ರತಿಕಣ), ಕೆಲವು ಮೈಕ್ರೊಸೆಕೆಂಡು ಬಿಟ್ಟು ನ್ಯೂಟ್ರಾನಿನದು. ಈ ಜೋಡಿ ಮಿಂಚೇ ಗುರುತು. ಇವತ್ತಿಗೂ ಅದೇ ಗುರುತು.

ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲೂ 1965ರಲ್ಲಿ ನ್ಯೂಟ್ರಿನೊ ಸಿಕ್ಕಿತ್ತು, ಇದನ್ನು ನಾವು ಇನ್ನೂ ಜಾಸ್ತಿ ನೆನೆಯಬೇಕು.

ತೊಡಕು ಬಂದದ್ದು ಎಣಿಕೆಯಲ್ಲಿ. ಅಮೆರಿಕದ ಹೋಮ್‌ಸ್ಟೇಕ್ ಗಣಿಯಲ್ಲಿ ರೇ ಡೇವಿಸ್ ಸೂರ್ಯನ ನ್ಯೂಟ್ರಿನೊ ಎಣಿಸಿದರೆ ಲೆಕ್ಕದ ಮೂರರಲ್ಲಿ ಒಂದು ಪಾಲು ಮಾತ್ರ ಸಿಗುತ್ತಿತ್ತು. ಅವು ಕಳೆದುಹೋಗಿರಲಿಲ್ಲ, ದಾರಿಯಲ್ಲಿ ಜಾತಿ ಬದಲಿಸಿದ್ದವು. ನ್ಯೂಟ್ರಿನೊದಲ್ಲಿ ಮೂರು ಜಾತಿ, ಡೇವಿಸ್ ಉಪಕರಣಕ್ಕೆ ಕಾಣುತ್ತಿದ್ದದ್ದು ಒಂದೇ. ಜಪಾನಿನ ಸೂಪರ್-ಕಾಮಿಯೊಕಾಂಡೆ ಪತ್ತೆಯಂತ್ರ 1998ರಲ್ಲಿ ಈ ಬದಲಾವಣೆಯನ್ನು ತೋರಿಸಿತು, ಆಮೇಲೆ ಕೆನಡಾದ ಎಸ್‌ಎನ್‌ಒ ಎಂಬ ಪ್ರಯೋಗ ಮೂರೂ ಜಾತಿ ಎಣಿಸಿ ಸೂರ್ಯನ ಲೆಕ್ಕ ಸರಿಮಾಡಿತು.

ಇಲ್ಲಿಂದ ಮತ್ತೆ ರಿಯಾಕ್ಟರಿನ ಸರದಿ. ಜಪಾನಿನ ಕಾಮ್‌ಲ್ಯಾಂಡ್ ಎಂಬ ಪತ್ತೆಯಂತ್ರ, ಕಣ ಬಡಿದರೆ ಮಿನುಗುವ 1,000 ಟನ್ ದ್ರವ ತುಂಬಿಕೊಂಡು, ಸರಾಸರಿ 180 ಕಿ.ಮೀ. ದೂರದ ರಿಯಾಕ್ಟರುಗಳ ಕಡೆ ಕಣ್ಣಿಟ್ಟಿತು. ಸುಮಾರು 87 ಜೋಡಿ ಮಿಂಚು ಬರಬೇಕಿತ್ತು, 2002ರ ಮೊದಲ ಲೆಕ್ಕದಲ್ಲಿ ಬಂದದ್ದು 54. ಇಲ್ಲೂ ಉಳಿದವು ದಾರಿಯಲ್ಲಿ ಜಾತಿ ಬದಲಿಸಿದ್ದವು.

ಇನ್ನೂ ಸಣ್ಣ ಕೊರತೆ ಹಿಡಿಯೋದು ಕಷ್ಟ. ಗಂಜ್‌ಗೆ ತೊಗರಿ ಒಯ್ದವರಿಗೆ ಇದು ಗೊತ್ತು. ಮನೆಯಲ್ಲಿ ತೂಗಿದಾಗ ಒಂದು ಕ್ವಿಂಟಲ್, ಅಲ್ಲಿ ಮೂರು ಕಿಲೊ ಕಡಿಮೆ. ಚೀಲ ಸೋರಿತೋ, ಕಾಂಟಾದಲ್ಲೇ ವ್ಯತ್ಯಾಸವೋ? ಎರಡೂ ಕಡೆ ಒಂದೇ ಥರದ ಕಾಂಟಾ ಇಟ್ಟರೆ ಅನುಮಾನ ಮುಗೀತು, ಅಲ್ವಾ? ಚೀನಾದ ದಾಯಾ ಬೇಯಲ್ಲಿ ಮಾಡಿದ್ದು ಇದನ್ನೇ. ಒಂದೇ ಅಚ್ಚಿನ ಪತ್ತೆಯಂತ್ರಗಳು, ಕೆಲವು ರಿಯಾಕ್ಟರಿನಿಂದ ಕೆಲವೇ ನೂರು ಮೀಟರಿನಲ್ಲಿ, ಕೆಲವು ಹೆಚ್ಚುಕಡಿಮೆ ಎರಡು ಕಿ.ಮೀ. ಆಚೆ. ದೂರದಲ್ಲಿ ಸುಮಾರು ಶೇ. 6 ಕಡಿಮೆ ಬಂತು. ಆ ಶೇ. 6ರಿಂದಲೇ 2012ರ ಮಾರ್ಚ್‌ನಲ್ಲಿ ಥೀಟಾ-13 ಎಂಬ ಮಿಶ್ರಣ ಕೋನ, ಅಂದರೆ ಜಾತಿ ಬದಲಾವಣೆ ಎಷ್ಟು ಅನ್ನೋದನ್ನು ಹೇಳುವ ಅಳತೆಗಳಲ್ಲಿ ಒಂದು, ಗಟ್ಟಿಯಾಯಿತು. ಅದು ಸೊನ್ನೆಯೇ ಇರಬಹುದು ಅಂದುಕೊಂಡವರೂ ಇದ್ದರು. ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು ಈ ಘಟ್ಟ.

ಈಗ ಅದೇ ಚೀನಾದಲ್ಲಿ ನೆಲದಡಿ 700 ಮೀಟರಿನಲ್ಲಿ ಜುನೊ ಎಂಬ ಪತ್ತೆಯಂತ್ರ ಕೂತಿದೆ. ರಿಯಾಕ್ಟರುಗಳಿಂದ ಸುಮಾರು 53 ಕಿ.ಮೀ. ದೂರ, ಗೋಳದೊಳಗೆ 20,000 ಟನ್ ದ್ರವ. 2025ರ ಆಗಸ್ಟ್‌ನಲ್ಲಿ ಎಣಿಕೆ ಶುರುವಾಗಿದೆ. ನ್ಯೂಟ್ರಿನೊಗಳ ಮೂರು ದ್ರವ್ಯರಾಶಿಗಳಲ್ಲಿ ಮೂರನೆಯದು ಉಳಿದೆರಡಕ್ಕಿಂತ ಭಾರವೋ ಹಗುರವೋ ಅನ್ನೋದನ್ನು ಅಲ್ಲಿ ದಿನಕ್ಕೆ ಸಿಗುವ ಹತ್ತಾರು ಜೋಡಿ ಮಿಂಚುಗಳನ್ನು ವರ್ಷಗಟ್ಟಲೆ ಕೂಡಿಸಿಯೇ ತಿಳಿಯಬೇಕು.