ನೀರು ಮುಟ್ಟಿದರೆ ಮಾಯವಾಗುವ ಹಾಳೆ

ಜಪಾನಿನ ಕಾಗೋಶಿಮಾದಲ್ಲಿ ಬೊಂಟಾನ್ ಅಮೆ ಅನ್ನೋ ಮಿಠಾಯಿ ತಯಾರಾಗುತ್ತದೆ. ಮೆತ್ತಗಿನ ಪುಟ್ಟ ತುಂಡುಗಳು. ಪ್ರತಿ ತುಂಡಿಗೂ ಗಾಜಿನಂಥ ತೆಳು ಹಾಳೆಯೊಂದು ಅಂಟಿಕೊಂಡಿರುತ್ತದೆ. ಗೊತ್ತಿಲ್ಲದವರು ಅದನ್ನು ಪ್ಲಾಸ್ಟಿಕ್ ಅಂದುಕೊಂಡು ಉಗುರಿನಿಂದ ಕೆರೆಯುತ್ತಾ ಕೂರುತ್ತಾರೆ. ಬಿಡಿಸೋಕೂ ಆಗಲ್ಲ, ಬಿಡಿಸಬೇಕಾಗಿಯೂ ಇಲ್ಲ. ಸುಮ್ನೆ ಬಾಯಿಗೆ ಹಾಕಿಕೊಂಡರೆ ಸಾಕು, ಹಾಳೆ ತಾನೇ ಕರಗುತ್ತದೆ. ಅದರ ಹೆಸರು ಒಬುರಾಟೊ.

ಹೆಸರು ಯುರೋಪಿನಿಂದ ಬಂದದ್ದು. ಚರ್ಚಿನಲ್ಲಿ ಪ್ರಸಾದವಾಗಿ ಕೊಡುವ ಬಿಲ್ಲೆಗೆ ಡಚ್ಚರು, ಜರ್ಮನರು ಹೇಳುವ ಮಾತು ಅದು. ಅಂಥದ್ದೇ ಬಿಲ್ಲೆಯಲ್ಲಿ ಕಹಿ ಔಷಧಿ ಸುತ್ತಿ ನುಂಗುವ ರೂಢಿ ಅಲ್ಲಿತ್ತು. ಅದು ಜಪಾನಿಗೂ ಬಂತು. ಆದರೆ ಆ ಬಿಲ್ಲೆ ಗಟ್ಟಿ, ಮಡಚಿದರೆ ಮುರಿಯುತ್ತಿತ್ತು. 1902ರಲ್ಲಿ ಮಿಯೆ ಪ್ರಾಂತ್ಯದ ವೈದ್ಯ ಕೊಬಯಾಶಿ ಮಸಾತಾರೊ ಮೆದುವಾದ, ಮಡಚಬಹುದಾದ ಹಾಳೆ ಮಾಡಿದರು. ಔಷಧಿಯ ಪುಡಿಯನ್ನು ಅದರಲ್ಲಿ ಕಟ್ಟಿ, ಪೊಟ್ಟಣವನ್ನು ಒಂದು ಕ್ಷಣ ನೀರಿನಲ್ಲಿ ನೆನೆಸುತ್ತಾರೆ. ಹೊರಮೈ ಲೋಳೆಯಾಗುತ್ತದೆ. ಕಹಿ ನಾಲಿಗೆಗೆ ಗೊತ್ತಾಗುವ ಮೊದಲೇ ಪೊಟ್ಟಣ ಗಂಟಲಿನಿಂದ ಜಾರಿರುತ್ತದೆ. ಒಣಗಿದ್ದನ್ನೇ ನುಂಗಲು ಹೋದರೆ ಅಂಗುಳಿಗೆ ಅಂಟಿಕೊಂಡು ಫಜೀತಿ. ಕಹಿ ಮಾತನ್ನು ನಯವಾಗಿ ಹೇಳುವುದಕ್ಕೆ ಜಪಾನೀಯರು ಇವತ್ತಿಗೂ 'ಒಬುರಾಟೊದಲ್ಲಿ ಸುತ್ತುವುದು' ಅನ್ನುತ್ತಾರೆ.

ಇಷ್ಟಕ್ಕೂ ಹಾಳೆಯಲ್ಲಿ ಇರುವುದೇನು? ಹೆಚ್ಚುಕಡಿಮೆ ಬರೀ ಪಿಷ್ಟ, ಆಲೂಗಡ್ಡೆಯದೋ ಗೆಣಸಿನದೋ. ಇಲ್ಲೇ ಒಂದು ತಮಾಷೆ ಇದೆ. ಕಾರ್ನ್‌ಫ್ಲೋರನ್ನು ತಣ್ಣೀರಿಗೆ ಕಲಸಿ ಇಟ್ಟು ನೋಡಿ, ಸ್ವಲ್ಪ ಹೊತ್ತಿಗೆ ತಳದಲ್ಲಿ ಕೂತಿರುತ್ತದೆ. ಹಸಿ ಪಿಷ್ಟ ತಣ್ಣೀರಿನಲ್ಲಿ ಕರಗುವುದಿಲ್ಲ. ಹಾಗಾದರೆ ಇದು ಹೇಗೆ ಕರಗುತ್ತದೆ? ಯಾಕೆಂದರೆ ಇದು ಆಗಲೇ ಬೆಂದಿರುವ ಪಿಷ್ಟ.

ಹಸಿ ಪಿಷ್ಟದ ಕಣದೊಳಗೆ ಉದ್ದುದ್ದ ಅಣುಸರಗಳು ಒತ್ತೊತ್ತಾಗಿ ಸೇರಿಕೊಂಡಿರುತ್ತವೆ, ನೀರಿಗೆ ಒಳಗೆ ದಾರಿಯಿಲ್ಲ. ಬಿಸಿ ಸುಮಾರು 60–65 ಡಿಗ್ರಿ ದಾಟಿದಾಗ ಆಲೂಗಡ್ಡೆ ಪಿಷ್ಟದ ಬಿಗಿ ಸಡಿಲುತ್ತದೆ. ಕಣ ನೀರು ಕುಡಿದು ಉಬ್ಬುತ್ತದೆ, ಒಡೆಯುತ್ತದೆ, ಗಂಜಿಯಾಗುತ್ತದೆ. ಆ ಗಂಜಿಯನ್ನು ಹಾಗೇ ಆರಲು ಬಿಟ್ಟರೆ ಸರಗಳು ನಿಧಾನಕ್ಕೆ ಮತ್ತೆ ಜೋಡಿಯಾಗುತ್ತವೆ. ತಂಗಳನ್ನ ಗಟ್ಟಿಯಾಗುವುದೂ ಹೀಗೇ. ಒಬುರಾಟೊ ಮಾಡುವವರು ಆ ಸಮಯವನ್ನೇ ಕೊಡುವುದಿಲ್ಲ. ಗಂಜಿಯನ್ನು ಕಾದ ಉರುಳೆಯ ಮೇಲೆ ತೆಳ್ಳಗೆ ಹರಡುತ್ತಾರೆ. ನೋಡನೋಡುತ್ತಲೇ ನೀರು ಆವಿಯಾಗಿ, ಸರಗಳು ಸಿಕ್ಕುಸಿಕ್ಕಾಗಿಯೇ ಒಣಗುತ್ತವೆ. ಆ ಸಿಕ್ಕಿನ ಸಂದಿಗಳಲ್ಲಿ ನೀರು ಸಲೀಸಾಗಿ ನುಗ್ಗುತ್ತದೆ. ಜೊತೆಗೆ ಹಾಳೆ ತಲೆಕೂದಲಿಗಿಂತ ತೆಳು, ಕರಗೋಕೆ ಎಷ್ಟು ಹೊತ್ತು ಬೇಕು?

ನೀರಿಗೆ ಇಷ್ಟು ಬೇಗ ಸೋಲುವ ಹಾಳೆ ಎಣ್ಣೆಗೆ ಮಾತ್ರ ಜಗ್ಗುವುದಿಲ್ಲ. ಹೊಸ ಬಗೆಯ ಅಡುಗೆಯ ಬಾಣಸಿಗರಿಗೆ ಬೇಕಾಗಿದ್ದೂ ಇದೇ. ಸ್ಪೇನಿನಲ್ಲಿ 2011ರವರೆಗೆ ನಡೆದ ಎಲ್ ಬುಲ್ಲಿ ರೆಸ್ಟೋರೆಂಟಿನಲ್ಲಿ ಫೆರಾನ್ ಆಡ್ರಿಯಾ ಅವರ ತಂಡ ಇದರಲ್ಲಿ ಪೈನ್ ಬೀಜದ ಹೂರಣ ತುಂಬಿ ಪುಟ್ಟ ಪೊಟ್ಟಣ ಕಟ್ಟುತ್ತಿತ್ತು. ತಿನ್ನುವವರು ಅದನ್ನು ಬಿಸಿ ಸಾರಿನಲ್ಲಿ ಒಮ್ಮೆ ಅದ್ದಿ ತಕ್ಷಣ ಬಾಯಿಗೆ ಹಾಕಿಕೊಳ್ಳಬೇಕು. ತಡಮಾಡಿದರೆ ಹೂರಣವೆಲ್ಲ ಸಾರಿನ ಪಾಲು. ಒಳಗೆ ತುಂಬುವುದು ಒಣಪುಡಿಯಾಗಿರಬೇಕು, ಇಲ್ಲವೇ ಎಣ್ಣೆಯಂಶ ಜಾಸ್ತಿ ಇರುವಂಥದ್ದು. ಹಣ್ಣಿನ ರಸ ಹಾಕಿದರೆ ತಟ್ಟೆ ಮೇಜಿಗೆ ಬರುವ ಮೊದಲೇ ಕಥೆ ಮುಗಿದಿರುತ್ತದೆ.

ಇದೆಲ್ಲ ದೂರದ ಮಾತು ಅನಿಸಿದರೆ ಪಕ್ಕದ ಆಂಧ್ರದ ಆತ್ರೇಯಪುರಕ್ಕೆ ಹೋಗಿ, ಅಲ್ಲಿನ ಪೂತರೇಕುಲು ಅನ್ನೋ ಸಿಹಿತಿಂಡಿ ನೋಡಿ. ಬೋರಲು ಹಾಕಿದ ಮಡಕೆಯ ಕೆಳಗೆ ಬೆಂಕಿ. ತೆಳು ಅಕ್ಕಿಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಮಡಕೆಯ ಮೇಲೆ ಎಳೆಯುತ್ತಾರೆ, ಮರುಕ್ಷಣ ಹಾಳೆ ಎದ್ದು ಬರುತ್ತದೆ. ಕಾರ್ಖಾನೆಯ ಉರುಳೆ ಮಾಡುವ ಕೆಲಸವನ್ನು ಇಲ್ಲಿ ಮಡಕೆ ಮಾಡುತ್ತದೆ, ಅಷ್ಟೇ. ಸುತ್ತುವಾಗ ಹಾಳೆಗೆ ಧಾರಾಳವಾಗಿ ತುಪ್ಪ ಸವರುತ್ತಾರೆ, ಅದು ಕರಗುವುದಿಲ್ಲ. ಸುತ್ತುವ ಮೊದಲು ಹಾಳೆಯನ್ನು ಮೆದು ಮಾಡಲು ಬೇಕಾಗುವುದು ಬರೀ ಒಂದು ಒದ್ದೆ ಬಟ್ಟೆ.