ವೆರಿಫೈಯರ್ ಇರುವಾಗ ಲೋಡರ್‌ಗೆ ಇಷ್ಟು ಬಿಗಿ ಪರಿಶೀಲನೆ ಏಕೆ?

ಪ್ರಶ್ನೆ: ಇಬಿಪಿಎಫ್ ಎಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಚಿಕ್ಕ ಪ್ರೋಗ್ರಾಂಗಳನ್ನು ಓಡಿಸುವ ವ್ಯವಸ್ಥೆ. ಅಂಥ ಪ್ರತಿಯೊಂದು ಪ್ರೋಗ್ರಾಮನ್ನೂ ಕರ್ನಲ್‌ನ ಪರಿಶೀಲಕ ಭಾಗವಾದ ವೆರಿಫೈಯರ್ ಜಾಲಾಡಿಯೇ ಒಳಗೆ ಬಿಡುತ್ತದೆ. ಹಾಗಿರುವಾಗ ಅದನ್ನು ಲೋಡ್ ಮಾಡುವ ಸಾಧನಕ್ಕೆ, ಅಂದರೆ ಲೋಡರ್‌ಗೆ, ಬಂದ ಪ್ಯಾಚ್‌ಗಳ (ಕೋಡ್ ತಿದ್ದುಪಡಿಗಳ) ಮೇಲೂ ಅಷ್ಟೊಂದು ಕಣ್ಣೇಕೆ?

ಉತ್ತರ: ವೆರಿಫೈಯರ್ ನೋಡುವುದು ಪ್ರೋಗ್ರಾಮನ್ನು, ಲೋಡರನ್ನಲ್ಲ. ಮೆಮೊರಿಯ ಎಲ್ಲೆ ಮೀರುತ್ತದೆಯೇ, ಓಟ ಎಂದಾದರೂ ಮುಗಿಯುತ್ತದೆಯೇ ಎಂಬಂಥ ಸುರಕ್ಷತೆಯ ಪ್ರಶ್ನೆಗಳಷ್ಟೇ ಅದರ ಚಿಂತೆ. ಬಂದ ಪ್ಯಾಕೆಟ್‌ಗಳನ್ನೆಲ್ಲ ಬೀಳಿಸುವ ಎಕ್ಸ್‌ಡಿಪಿ ಪ್ರೋಗ್ರಾಂ (ನೆಟ್‌ವರ್ಕ್ ಇಂಟರ್‌ಫೇಸ್‌ಗೆ ಪ್ಯಾಕೆಟ್ ಬಂದೊಡನೆ ಓಡುವ ಇಬಿಪಿಎಫ್ ಪ್ರೋಗ್ರಾಂ) ಅದರ ಕಣ್ಣಿಗೆ ನಿರ್ದೋಷಿ. ಅದನ್ನು ಯಾವ ಇಂಟರ್‌ಫೇಸ್‌ಗೆ ಜೋಡಿಸಬೇಕು, ಯಾವಾಗ ಕಳಚಬೇಕು ಎಂಬುದು ಲೋಡರ್‌ನ ಕೈಯಲ್ಲಿದೆ. ಲೋಡರ್ ಓಡುವುದೋ, ಸಾಮಾನ್ಯವಾಗಿ ರೂಟ್ ಅಧಿಕಾರದಲ್ಲಿ.

ಪ್ಯಾಚ್‌ನಲ್ಲಿ ನಾನು ಮೊದಲು ಹುಡುಕುವುದು ಆಯುಷ್ಯದ ಲೆಕ್ಕ, ಅಂದರೆ ಪ್ರೋಗ್ರಾಂ ಕರ್ನಲ್‌ನಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದು. ಲೋಡ್ ಮಾತ್ರ ಆದ ಪ್ರೋಗ್ರಾಂ, ಅದರ ಕೊನೆಯ ಫೈಲ್ ಡಿಸ್ಕ್ರಿಪ್ಟರ್ (ಪ್ರಕ್ರಿಯೆಯ ಕೈಯಲ್ಲಿರುವ ಹಿಡಿಕೆ) ಮುಚ್ಚಿದೊಡನೆ ಅಳಿಯುತ್ತದೆ. ಬಿಪಿಎಫ್ ಕಡತ ವ್ಯವಸ್ಥೆಯಲ್ಲಿ ಪಿನ್ ಮಾಡಿದ್ದು, ಅಂದರೆ ಅಲ್ಲಿ ಹೆಸರು ಕೊಟ್ಟು ನೆಲೆಗೊಳಿಸಿದ್ದು, ಸಾಧನ ಸತ್ತರೂ ಉಳಿಯುತ್ತದೆ. ಕರ್ನಲ್‌ಗೆ ಸಂದೇಶ ಕಳಿಸುವ ಹಳೆಯ ವಿಧಾನವಾದ ನೆಟ್‌ಲಿಂಕ್ ಮೂಲಕ ಜೋಡಿಸಿದ ಎಕ್ಸ್‌ಡಿಪಿ ಪ್ರೋಗ್ರಾಂ ಕೂಡ ಹಾಗೆಯೇ ಅಂಟಿಕೊಂಡಿರುತ್ತದೆ. ಬಿಪಿಎಫ್ ಲಿಂಕ್ ಎಂಬುದು ಜೋಡಣೆಯನ್ನು ಹಿಡಿದಿಡುವ ಹೊಸ ವಿಧಾನ; ಪಿನ್ ಮಾಡದ ಲಿಂಕ್ ಹಾಗಲ್ಲ, ಪ್ರಕ್ರಿಯೆ ಮುಗಿದೊಡನೆ ಕಳಚಿಕೊಳ್ಳುತ್ತದೆ. ಹೀಗಾಗಿ 'ಹಳೆಯ ವಿಧಾನದ ಬದಲು ಲಿಂಕ್ ಬಳಸಿದ್ದೇನೆ' ಎಂಬ ನಾಲ್ಕು ಸಾಲಿನ ಪ್ಯಾಚ್, ಸಾಧನ ಮುಗಿದ ಮೇಲೂ ನಿಂತಿರುತ್ತಿದ್ದ ಫಿಲ್ಟರ್ ಅನ್ನು ಸದ್ದಿಲ್ಲದೆ ಕಿತ್ತುಹಾಕಬಹುದು. ಎಕ್ಸ್‌ಡಿಪಿಗೆ ಲಿಂಕ್ ಸಿಕ್ಕಿದ್ದು ಕರ್ನಲ್ 5.9ರಲ್ಲಿ, ಅದಕ್ಕಿಂತ ಹಳೆಯದರಲ್ಲಿ ಗತಿಯೇನು ಎಂದೂ ಕೇಳಬೇಕು. ಐದು ಪ್ರೋಗ್ರಾಂಗಳಲ್ಲಿ ಮೂರನೆಯದು ವಿಫಲವಾದರೆ, ಆಗಲೇ ಜೋಡಣೆಯಾದ ಎರಡನ್ನು ಯಾರು ಬಿಡಿಸುತ್ತಾರೆ? ಬಹುತೇಕ ಪ್ಯಾಚ್‌ಗಳು ಎಡವುವುದು ಇಲ್ಲಿಯೇ.

'ಅನಗತ್ಯ ಸಾಲು ತೆಗೆದೆ' ಎನ್ನುವ ಸ್ವಚ್ಛತಾ ಪ್ಯಾಚ್‌ಗಳನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಲಾಕ್ ಮಾಡಿದ ಮೆಮೊರಿಯ ಮಿತಿಯನ್ನು ಏರಿಸುವ ಸಾಲು 5.11ರಿಂದೀಚೆಗೆ ನಿಜಕ್ಕೂ ಬೇಕಿಲ್ಲ. ಅದಕ್ಕೂ ಹಿಂದಿನ ಕರ್ನಲ್‌ನಲ್ಲಿ ಅದಿಲ್ಲದೆ ಮ್ಯಾಪ್ (ಪ್ರೋಗ್ರಾಂ ದತ್ತಾಂಶ ಇಡುವ ಜಾಗ) ರಚನೆಯೇ ಸೋಲಬಹುದು. ಆಗ ಬರುವ ದೋಷ 'ಅನುಮತಿ ಇಲ್ಲ'. ಪಾಪ, ಬಳಕೆದಾರ ರೂಟ್ ಆಗಿದ್ದುಕೊಂಡೇ ಅನುಮತಿ ಹುಡುಕುತ್ತಾ ಅಲೆಯುತ್ತಾನೆ.

ಲೋಡರ್‌ಗಳು ಬಳಸುವ ಲೈಬ್ರರಿಯಾದ ಲಿಬ್‌ಬಿಪಿಎಫ್‌ನ 1.0 ಆವೃತ್ತಿ ಬಂದದ್ದು 2022ರಲ್ಲಿ. ಅದಕ್ಕೂ ಮೊದಲು ಪಾಯಿಂಟರ್ (ಮೆಮೊರಿ ವಿಳಾಸ) ಕೊಡುವ ಫಂಕ್ಷನ್‌ಗಳು ದೋಷಸಂಖ್ಯೆಯನ್ನು ಪಾಯಿಂಟರ್‌ನೊಳಗೇ ಅಡಗಿಸುತ್ತಿದ್ದವು; ಈಗ ನಲ್ (ಖಾಲಿ ಪಾಯಿಂಟರ್) ಕೊಟ್ಟು, ಸಂಖ್ಯೆಯನ್ನು ದೋಷಸಂಖ್ಯೆಗೆಂದೇ ಇರುವ ಎರ್ನೋದಲ್ಲಿ ಇಡುತ್ತವೆ. ಅಡಗಿದ ಸಂಖ್ಯೆಯನ್ನಷ್ಟೇ ಹುಡುಕುವ ಹಳೆಯ ಪರೀಕ್ಷೆಗೆ ನಲ್ ದೋಷವಾಗಿ ಕಾಣುವುದೇ ಇಲ್ಲ, ಮುಂದಿನ ಸಾಲಿನಲ್ಲಿ ಸಾಧನ ಕುಸಿಯುತ್ತದೆ.

ಅಧಿಕಾರದ ವಿಷಯ ಚಿಕ್ಕದು: ಕರ್ನಲ್ 5.8ರಿಂದ ಕ್ಯಾಪ್‌ಬಿಪಿಎಫ್ ಎಂಬ ಪ್ರತ್ಯೇಕ ಸಾಮರ್ಥ್ಯವಿದೆ. ಪೂರ್ಣ ಆಡಳಿತ ಅಧಿಕಾರ ಕೇಳುವ ಪ್ಯಾಚ್ ಕಾರಣ ಹೇಳಲಿ. ವೆರಿಫೈಯರ್‌ನ ಲಾಗ್ ಮುಚ್ಚಿಟ್ಟು 'ಲೋಡ್ ವಿಫಲ' ಎಂದಷ್ಟೇ ಮುದ್ರಿಸುವ ಪ್ಯಾಚ್ ಬಂದರೆ ಹಿಂದಿರುಗಿಸಿ. ಯಾವ ಸೂಚನೆಯಲ್ಲಿ (ಇನ್‌ಸ್ಟ್ರಕ್ಷನ್‌ನಲ್ಲಿ) ಪ್ರೋಗ್ರಾಂ ತಿರಸ್ಕೃತವಾಯಿತು ಎಂಬುದು ಆ ಲಾಗ್‌ನಲ್ಲಿ ಮಾತ್ರ ಇರುತ್ತದೆ.